ಬಾಣಂತಿ ಕೋಣೆಯ ನೆಲ

ಐದು ತಿಂಗಳ ಬಸುರಿ ಮಗಳು ವಿಜಯಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕಾಲು ಜಾರಿದಳು. ಬೀಳಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒದ್ದೆ ಟೈಲ್ಸಿನ ಮೇಲೆ ಅವಳ ಹಿಮ್ಮಡಿ ಎಳೆದ ಗೆರೆ ಒಣಗುವವರೆಗೆ ನಾನು ಅದನ್ನೇ ನೋಡುತ್ತ ನಿಂತಿದ್ದೆ. ಚೊಚ್ಚಲ ಬಾಣಂತನ ತವರಿನಲ್ಲಿ, ಅದೇ ಕೋಣೆಯಲ್ಲಿ ಆಗಬೇಕಿತ್ತು. ಅವಳು ತಿಕೋಟಾಕ್ಕೆ, ಗಂಡನ ಮನೆಗೆ ಮರಳಿದ ಮೇಲೆ ನಮ್ಮವರು, "ಮೊದಲು ಆ ನೆಲಾ ಬದಲಿ ಮಾಡೂಣು" ಎಂದರು.

ಅಂಗಡಿಯವನು ಎರಡು ತುಂಡು ಮುಂದಿಟ್ಟ. ಒಂದು ಕಟ್ಟಿಗೆಯ ಬಣ್ಣದ ವಿನೈಲ್ ಹಾಳೆ, ಇನ್ನೊಂದು ಅಪ್ಪಟ ಸಾಗವಾನಿ ಹಲಗೆ. ನಾನು ಕಲಿತ ಕಾನ್ವೆಂಟಿನಲ್ಲಿ ಹಲಗೆಯ ವೇದಿಕೆಯೊಂದಿತ್ತು. ಸಿಸ್ಟರ್‌ಗಳು ಅದಕ್ಕೆ ಮೇಣ ತಿಕ್ಕಿಸುತ್ತಿದ್ದರು. ಬರಿಗಾಲಿಗೆ ತಾಗುತ್ತಿದ್ದ ಅದರ ಬಿಸುಪು ನೆನಪಾಗಿ ನನ್ನ ಕೈ ತಾನಾಗಿ ಸಾಗವಾನಿಯ ಕಡೆ ಹೋಯಿತು.

"ಗೆದ್ದಲ ಹತ್ತೂದಿಲ್ಲೇನ್ರಿ?" ನಮ್ಮವರು ಕೇಳಿದರು.

"ಔಷಧ ಹೊಡೀತೀವ್ರಿ. ಆದ್ರ ನೀರಿಂದ ಜ್ವಾಕಿ ಇರಬೇಕ್ರಿ. ನೀರು ಕುಡೀತಂದ್ರ ಹಲಗಿ ಉಬ್ಬತೈತಿ." ಅವನು ವಿನೈಲಿನ ಮೇಲೆ ಒಂದು ಲೋಟ ನೀರು ಸುರಿದು, ಒರೆಸಿ ತೋರಿಸಿದ.

ತೀರ್ಮಾನಿಸಿದವರು ನಮ್ಮ ಅತ್ತೆ. ಬಬಲೇಶ್ವರದಲ್ಲಿದ್ದಾಗ ಓಣಿಯ ಬಾಣಂತಿಯರಿಗೆಲ್ಲ ನೀರೆರೆದ ಕೈ ಅವರದು. ಮನೆಗೆ ತಂದ ತುಂಡುಗಳನ್ನು ಕಾಲ ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಬಾಣಂತಿಗಿ, ಕೂಸಿಗಿ ದಿನಾ ಎರಿಯೂದು. ಕೋಣಿತುಂಬ ಬರೇ ನೀರು. ಈ ಹಲಗಿ ಹಾಕಿದ್ರ ಕೂಸು ಅಂಬೆಗಾಲು ಇಡೂದ್ರಾಗ ಅಣಬಿ ಏಳ್ತಾವ. ಆ ಪ್ಲಾಸ್ಟಿಕ್ಕ ಹಾಕ್ಸು."

"ಯವ್ವಾ, ಅದಕ್ಕ ವಿನೈಲ್ ಅಂತಾರ," ನಮ್ಮವರು ತಿದ್ದಿದರು.

"ಏನರ ಅನ್ನು. ನನ್ನ ಮೊಮ್ಮಗಳು ಜಾರಬಾರದು, ಅಷ್ಟ."

ಹೀಗೆ ನೀರಿನ ಮಾತಿನಲ್ಲೇ ನೆಲ ನಿಶ್ಚಯವಾಯಿತು. ಬೆಂಕಿಯ ನೆನಪು ಒಬ್ಬರಿಗೂ ಬರಲಿಲ್ಲ.

ಹೊಸ ನೆಲದ ಮೇಲೆ ಹೆಜ್ಜೆ ಸಪ್ಪಳವಾಗುತ್ತಿರಲಿಲ್ಲ. ಅತ್ತೆ ಹಿಂದೆ ಬಂದು ನಿಂತರೂ ತಿಳಿಯದೆ ನಾನು ಎಷ್ಟೋ ಸಲ ಬೆಚ್ಚಿದ್ದೇನೆ. ಬಿಸಿಲು ಬೀಳುವ ಮೂಲೆಯಲ್ಲಿ ಅಂಟಿನ ವಾಸನೆ ಏಳುತ್ತಿತ್ತು.

ಮಗಳು ಚಳಿಯಲ್ಲಿ ಹಡೆದಳು. ನಮ್ಮಲ್ಲಿ ಎರೆದ ಮೇಲೆ ಬಾಣಂತಿಯನ್ನೂ ಕೂಸನ್ನೂ ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುತ್ತಾರೆ. ಕೆಂಡದ ಮೇಲೆ ಅಜವಾನ, ಲೋಬಾನ ಉದುರಿಸಿ, ಗಾಳಿ ಬಡಿಯದಂತೆ ಕಿಟಕಿ ಮುಚ್ಚುತ್ತಾರೆ. ಅತ್ತೆ ಇಟ್ಟಿಗೆಯ ಮೇಲೆ ಅಗ್ಗಿಷ್ಟಿಕೆ ಇಟ್ಟು ಎಲ್ಲವನ್ನೂ ಕ್ರಮವಾಗಿ ಮಾಡಿದರು.

"ಮಮ್ಮಿ, ತಲಿ ಹಿಡದೈತಿ," ಮಗಳು ಅಂದಳು.

"ಹಡದ ಮೈ, ಹಿಡೀತೈತಿ. ಕಿವ್ಯಾಗ ಹತ್ತಿ ಇಟಗೋ," ಎಂದರು ಅತ್ತೆ.

ಮರುದಿನವೂ ತಲೆನೋವು. ಅದರ ಮರುದಿನ ಊಟದ ತಟ್ಟೆ ಒಯ್ದಾಗ ಲೋಬಾನದ ಘಮದ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು, ವಾಯರ್ ಸುಟ್ಟಂಥದ್ದು. ಮಗಳು ಕಣ್ಣು ತೆರೆದೇ ಇದ್ದಳು, ನನ್ನನ್ನು ನೋಡಲಿಲ್ಲ. ಕೂಸಿನ ಬಾಯಿ ತುಸು ತೆರೆದಿತ್ತು. ತುಟಿಯ ಅಂಚಿನ ಹಾಲು ಒಣಗಿ ಪೊರೆಗಟ್ಟಿತ್ತು. ಹಾಲಿನ ಹೊತ್ತು ಮೀರಿದರೂ ಅದು ಎದ್ದಿರಲಿಲ್ಲ.

ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ. ಅಂಗಾಲಿಗೆ ಬೆರಳಿನಿಂದ ಹೊಡೆದೆ, ಮತ್ತೆ ಹೊಡೆದೆ. ಕೊನೆಗೆ ಅದು ಹಾಲು ಕಕ್ಕಿ ಕಣ್ಣು ಬಿಟ್ಟಿತು. ನಮ್ಮವರು ಮಗಳನ್ನು ತೋಳು ಹಿಡಿದು ಹೊರಗೆ ಕರೆತಂದರು. ಹೊರಸು ಸರಿಸಿದರೆ ಕೆಳಗಿನ ವಿನೈಲ್ ಸುಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದಿತ್ತು. ಅದರ ಮೇಲೆ ಅಚ್ಚು ಹೊಡೆದಿದ್ದ ಕಟ್ಟಿಗೆಯ ಗೆರೆಗಳು ಕರಗಿ ಒಂದರೊಳಗೊಂದು ಸೇರಿಹೋಗಿದ್ದವು.

"ಇಟ್ಟಂಗಿ ಇಟ್ಟಿದ್ನೆಲ್ಲ ಬೇ," ಅತ್ತೆ ಮೆಲ್ಲಗೆ ಅಂದರು.

ಡಾಕ್ಟರು ತಾಯಿ, ಕೂಸು ಇಬ್ಬರನ್ನೂ ನೋಡಿ, ಬರೀ ಪ್ಲಾಸ್ಟಿಕ್ ಅಲ್ಲ, ಮುಚ್ಚಿದ ಕೋಣೆಯಲ್ಲಿ ಕೆಂಡವೇ ವಿಷ ಎಂದರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಎಂದು ಶುರುಮಾಡಿದ ಮಾತನ್ನು ಮುಗಿಸಲಿಲ್ಲ. ಸುದ್ದಿ ತಿಕೋಟಾ ತಲುಪುವಷ್ಟರಲ್ಲಿ ಕೆಂಡದ ಮಾತು ಉದುರಿ, ಪ್ಲಾಸ್ಟಿಕ್ಕಿನದು ಮಾತ್ರ ಉಳಿದಿತ್ತು. ಬೀಗರು ಬಂದು ಮಗಳನ್ನೂ ಕೂಸನ್ನೂ ಕರೆದೊಯ್ದರು. ಹೋಗುವಾಗ ಬೀಗತಿಗೆ ಡಾಕ್ಟರ ಮಾತನ್ನು ಮತ್ತೊಮ್ಮೆ ಹೇಳಿದೆ. "ಆತ್ರಿ, ಆತ್ರಿ" ಎಂದರು.

ಕೆಲವು ದಿನಗಳ ನಂತರ ಮಧ್ಯಾಹ್ನ ಮಗಳಿಗೆ ಫೋನು ಮಾಡಿದೆ.

"ಇಲ್ಲೆ ನಮ್ಮ ಕೋಣಿಗಿ ಖರೇ ಕಟ್ಟಿಗಿ ಹಲಗಿ ಹಾಕ್ಸ್ಯಾರ ಮಮ್ಮಿ. ಪ್ಲಾಸ್ಟಿಕ್ಕಿನ ಕಾಟ ಇಲ್ಲ, ಇನ್ನ ಬೇಫಿಕರ್ ಕೆಂಡ ಕಾಸ್ಕೋ ಅಂದ್ರು ಅತ್ತಿ."

"ಕಿಟಕಿ?"

"ಮುಚ್ಯಾರ. ಥಂಡಿ ಐತೆಲ್ಲ."

"ಕೂಸು?"

"ಮಲಕೊಂಡೈತಿ. ಎರದಾಗಿಂದ ಎದ್ದೇ ಇಲ್ಲ. ಭಾಳ ಶಾಣ್ಯಾ ಆಗೇತಿ."

ಅವಳ ಮಾತು ನಿಧಾನವಾಗಿತ್ತು, ಬಾಯೊಳಗೆ ಏನೋ ಇಟ್ಟುಕೊಂಡ ಹಾಗೆ.

"ಫೋನ ಇಡಬ್ಯಾಡ. ಕೂಸಿನ್ನ ಎತಗೊಂಡು ಅಂಗಳಕ್ಕ ಹೋಗು. ಈಗ ಹೋಗು."

ಹಲಗೆಯ ಮೇಲೆ ಅವಳ ಹೆಜ್ಜೆಗಳು ಒಂದೊಂದಾಗಿ ಕೇಳಿದವು. ನಡುವೆ ನಿಂತವು. ಮತ್ತೆ ಕೇಳಿದವು. ಚಿಲಕ ಸರಿಯಿತು. ಆಮೇಲೆ ಬೀದಿಯಲ್ಲಿ ಯಾವುದೋ ಜೀಪಿನ ಸದ್ದು, ಗಾಳಿ. ನಮ್ಮವರು ಅಷ್ಟರಲ್ಲಿ ಗಾಡಿಯ ಕೀಲಿಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ತುಂಬ ಹೊತ್ತಿನ ಮೇಲೆ ಕೂಸು ಅತ್ತಿತು. ಅದರ ಅಳುವನ್ನು ಕೇಳಿಸಿಕೊಳ್ಳುತ್ತಲೇ ನಾನು ಚಪ್ಪಲಿ ಮೆಟ್ಟಿದೆ.