ಸುಧಾರಾಣಿಯ ತಲೆಯ ಫಿಲ್ಮು

ದೇವಿಕೊಪ್ಪದ ಸಾವಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ! ಎಂಟು ವರ್ಷದ ಮಗಳನ್ನು ಕಂಡಕಂಡವರೆಲ್ಲ ‘ಹುಚ್ಚಿ’ ಎನ್ನುತ್ತಿದ್ದರೆ ತಾಯಿಯ ಸಿಟ್ಟು ಇನ್ನೆಲ್ಲಿರಬೇಕು? ಮಗಳು ಸುಧಾರಾಣಿಗೆ ಮಾತು ಕಡಿಮೆ. ಕರೆದರೆ ತಿರುಗಿ ನೋಡುವುದಿಲ್ಲ. ಖುಷಿಯಾದರೆ ಅಂಗಳದಲ್ಲಿ ನಿಂತಲ್ಲೇ ಗರಗರ ತಿರುಗುತ್ತಾಳೆ. ಇದು ಆಟಿಸಂ ಎಂದು ಹುಬ್ಬಳ್ಳಿಯ ಡಾಕ್ಟರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಸಾವಕ್ಕ ತಂಬೂರು ಎಂಬ ಊರಿನ ಹೆಣ್ಣುಮಗಳು, ಏಳನೇ ಇಯತ್ತೆ ಓದಿದವಳು. ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತ, ‘ಇಂಥ ಹುಡುಗಿ ಇಲ್ಲಿ ಬೇಡ’ ಎಂದವರ ಜೊತೆ ಜಗಳವಾಡಿ ಅದೇ ಶಾಲೆಯಲ್ಲಿ ಮಗಳನ್ನು ಕೂರಿಸಿದವಳು.

ಹೋದ ತಿಂಗಳು ಹುಡುಗಿಗೆ ಒಮ್ಮೆ ಫಿಟ್ಸ್ ಬಂದು, ತಲೆಯ ಸ್ಕ್ಯಾನ್ ಮಾಡಿಸಬೇಕಾಯಿತು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು, ಗಡ್ಡೆ ಇಲ್ಲ, ಹುಳ ಇಲ್ಲ ಎಂದರು.

“ಮತ್ತ ಈಕಿ ಹಿಂಗ್ಯಾಕ್ರಿ?” ಎಂದಳು ಸಾವಕ್ಕ.

“ಮಿದುಳಿನ್ಯಾಗ ಒಂದ ಕಡಿಂದ ಇನ್ನೊಂದ ಕಡಿಗೆ ಸುದ್ದಿ ಒಯ್ಯೂ ಎಳಿ ಇರ್ತಾವವಾ. ಅವು ಇರೂ ಜಾಗಕ್ಕ ಬಿಳಿ ಭಾಗ ಅಂತಾರ. ಎಲ್ಲಾರ ತಲ್ಯಾಗೂ ಅದು ಐತಿ. ಇಂಥ ಮಕ್ಕಳ ನೂರಾರು ಸ್ಕ್ಯಾನ್ ಕೂಡಿಸಿ ನೋಡಿದ್ರ, ಆ ಎಳಿಗಳ ಜೋಡಣಿ ಸ್ವಲ್ಪ ಬ್ಯಾರೆ ಇರೂದು ಕಾಣತೈತಿ. ಇದೊಂದ ಫಿಲ್ಮ್ ನೋಡಿ ಹೇಳಾಕ ಬರೂದಿಲ್ಲ. ಕೊಯ್ದು ತಗಿಯೂ ರೋಗ ಅಲ್ಲ ಇದು.”

ಇಷ್ಟನ್ನು ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ಮಾವ ಗೂಳಪ್ಪ ನಲವತ್ತು ವರ್ಷ ಕುರಿ ಕಾಯ್ದವನು. ಕುರಿಯ ಮಿದುಳಿನಲ್ಲಿ ಹುಳದ ಬಿಳಿ ನೀರುಗುಳ್ಳೆ ಬೆಳೆದರೆ ಅದು ಒಂದೇ ಕಡೆ ಸುತ್ತತೊಡಗುತ್ತದೆ. ಆಗ ಕುಡಗೋಲು ಕಾಯಿಸಿ ಅದರ ತಲೆಗೆ ಬರೆ ಎಳೆಯುವುದು ಕುರಿಗಾರರ ರೂಢಿ. ಮುದುಕ ಫಿಲ್ಮನ್ನು ಬಿಸಿಲಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದ. ಡಾಕ್ಟರಮ್ಮನ ಅಷ್ಟೂ ಮಾತಿನಲ್ಲಿ ಅವನ ತಲೆಗೆ ಹೊಕ್ಕಿದ್ದು ‘ಬಿಳಿ’ ಒಂದೇ.

ಐತವಾರ ಸಾವಕ್ಕ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದರೆ, ಅಂಗಳದಲ್ಲಿ ಸಗಣಿ ಕುಳ್ಳಿನ ಬೆಂಕಿ ಹೊತ್ತಿಸಿದ್ದರು. ಬೆಂಕಿಯಲ್ಲಿ ಕುಡಗೋಲು ಕೆಂಪಗೆ ಕಾಯ್ದಿತ್ತು. ಸುಧಾರಾಣಿಯ ನೆತ್ತಿಯ ಕೂದಲು ಬೋಳಿಸಿ, ಅವಳ ಭುಜ ಒತ್ತಿ ಹಿಡಿದು ಕೂತಿದ್ದವನು ಯಾರು? ಹೆತ್ತ ಅಪ್ಪ, ಮಾಂತೇಶ!

ಹಿಟ್ಟಿನ ಡಬ್ಬಿ ನೆಲಕ್ಕೆ ಬಿತ್ತು. “ಏನ್ ನಡಿಸೀರಿ ಇದು?”

“ತಲ್ಯಾಗ ಗುಳ್ಳಿ ಐತಿ ಸಾವಕ್ಕಾ. ಅದ ಬಿಳೀದು,” ಎಂದ ಗೂಳಪ್ಪ. “ಒಂದ ಬರಿ ಎಳದ್ರ ಈಕಿ ತಿರಗೂದು ನಿಂದರತೈತಿ.”

“ಆ ಬಿಳೀದು ನಿಮ್ಮ ತಲ್ಯಾಗೂ ಐತ್ರಿ ಮಾವಾರ! ನನ್ನ ತಲ್ಯಾಗೂ ಐತಿ! ನಿಮ್ಮ ಮಗನ ತಲ್ಯಾಗ ಏನ್ ಐತೋ ಆ ದೇವರಿಗೇ ಗೊತ್ತು! ಸುಡೂದಿದ್ರ ಮೊದಲ ನಿಮ್ಮ ನೆತ್ತಿ ಸುಟ್ಕೋರಿ!”

ಅಬ್ಬರಕ್ಕೆ ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಸಾವಕ್ಕ ಹಲ್ಲು ಕಚ್ಚಿ ದನಿ ಇಳಿಸಿದಳು. ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ.

“ಕುರಿ ವಿಷಯದಾಗ ನೀವು ಸುಳ್ಳ ಹೇಳೂ ಪೈಕಿ ಅಲ್ಲ. ಹೇಳ್ರಿ ಮತ್ತ. ನಲವತ್ತ ವರ್ಷದಾಗ ತಲಿಗೆ ಬರಿ ಎಳದೀರಲ್ಲಾ, ಆ ಕುರಿ ಎಷ್ಟ ಬದುಕ್ಯಾವ?”

ಗೂಳಪ್ಪ ಬೆಂಕಿಯಿಂದ ಕುಡಗೋಲನ್ನು ಹೊರಗೆಳೆದ.

“ಒಂದೂ ಇಲ್ಲವಾ,” ಎಂದು ಅದನ್ನು ಮಣ್ಣಿಗೆ ಹಾಕಿದ.

ಸಾವಕ್ಕ ಗಂಡನ ಕಡೆ ತಿರುಗಿದಳು. ಮಾಂತೇಶನ ಎರಡೂ ಕೈ ಇನ್ನೂ ಮಗಳ ಭುಜದ ಮೇಲೇ ಇದ್ದವು.

“ನಿಮ್ಮಪ್ಪ ಕುಡಗೋಲ ಬಿಟ್ಟಾನ,” ಎಂದಳು. “ನೀವ್ಯಾಕ ಇನ್ನೂ ಹಿಡಕೊಂಡ ಕುಂತೀರಿ ಆಕಿನ್ನ?”