ಎರಡು ಗಡಿಯಾರದ ಊರು

ಹೋದ ವಾರ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ಅಂಗಡಿಯೊಂದಕ್ಕೆ ಸಾಮಾನು ಇಳಿಸುತ್ತಿದ್ದೆ. ಮಳೆಗೆ ನೆನೆದ ರಟ್ಟಿನ ಡಬ್ಬಿಯೊಂದು ಕೈಯಲ್ಲೇ ಬಿರಿದು, ಒಳಗಿದ್ದ ಅರಿಸಿನದ ಪ್ಯಾಕೆಟ್ಟೂ ಒಡೆಯಿತು. ಒದ್ದೆ ರಟ್ಟು, ಅರಿಸಿನ. ಆ ವಾಸನೆ ಮೂಗಿಗೆ ಬಡಿದದ್ದೇ ಟ್ರಕ್ಕಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇದೇ ಊರಿನಲ್ಲಿದ್ದ ನಮ್ಮ ಹಳೆಯ ಮನೆಯ ಗರಾಜಿನ ವಾಸನೆ ಅದು. ಆ ಮನೆ ಈಗಿಲ್ಲ. ಕೆಡವಿದ ಜಾಗದಲ್ಲಿ ಹುಲ್ಲು ಬೆಳೆದಿದೆ.

ಆ ಮನೆಯಲ್ಲಿ ಇದ್ದದ್ದು ನಾನು, ಅಮ್ಮ, ಮತ್ತೆ ಬಾಡಿಗೆಗಿದ್ದ ಲಾರೆನ್ಸ್ ಅಂಕಲ್. ಅಪ್ಪ ಮೊದಲೇ ತೀರಿಕೊಂಡಿದ್ದರು. ಅಮ್ಮ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಂಕಲ್ ಮಂಗಳೂರಿನವರು. ಹಡಗಿನಲ್ಲಿ ದುಡಿದು, ಆಮೇಲೆ ಮಾಲ್ಟಾ ದ್ವೀಪದ ಹಳೇ ಪಟ್ಟಣದ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಕಾವಲಿಗಿದ್ದು, ಹೇಗೋ ಇಲ್ಲಿಗೆ ಬಂದಿದ್ದರು. ಆ ಪಟ್ಟಣವನ್ನು ನಮ್ಮ ಗರಾಜಿನಲ್ಲಿ ರಟ್ಟು ಕತ್ತರಿಸಿ ಕಟ್ಟಿದ್ದರು. ಸಮುದ್ರಕ್ಕೆ ಮುಖ ಮಾಡಿದ ಕೋಟೆ, ಸತ್ತ ಸೈನಿಕರ ಕಬ್ಬಿಣದ ಅಂಗಿಗಳಿದ್ದ ಮ್ಯೂಸಿಯಂ, ಇಕ್ಕಟ್ಟು ಬೀದಿಗಳು. ಅಲ್ಲಿಯ ಕಲ್ಲು ಹಳದಿಯಂತೆ, ಅದಕ್ಕೆ ಅಮ್ಮನ ಅರಿಸಿನವನ್ನು ಅಂಟಿನಲ್ಲಿ ಕಲಸಿ ಬಳಿಯುತ್ತಿದ್ದರು. "ಮುಟ್ಬೇಡ ಮಾರಾಯ, ಮ್ಯೂಸಿಯಂ ಇದು. ನೋಡ್ಲಿಕ್ಕೆ ಮಾತ್ರ," ಅನ್ನುತ್ತಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದೆ. ಸ್ಕೂಲಿನಲ್ಲಿ ಒಂದಕ್ಷರ ತಲೆಗೆ ಹತ್ತದಿದ್ದರೂ ಆ ಬೀದಿಗಳು ಇವತ್ತಿಗೂ ಬಾಯಿಪಾಠ.

ಆ ರಟ್ಟಿನ ಊರಿನ ಇಗರ್ಜಿಗೆ, ಅಂದರೆ ಚರ್ಚಿಗೆ, ಎರಡು ಗೋಪುರ, ಗೋಪುರಕ್ಕೊಂದು ಗಡಿಯಾರ. ಒಂದು ಸರಿ, ಒಂದು ತಪ್ಪು. ಆ ದ್ವೀಪದಲ್ಲಿ ನಿಜವಾಗಿಯೂ ಹಾಗೇ ಇಡುತ್ತಾರಂತೆ. ಜೀವ ಒಯ್ಯಲು ಬಂದ ಸೈತಾನನಿಗೆ ಹೊತ್ತು ಗೊತ್ತಾಗಬಾರದು. ಅಂಕಲ್ಲಿಗೆ ಎದೆ ನೋವಿತ್ತು. ಅದಕ್ಕೇ ಇರಬೇಕು, ತಮ್ಮ ರೂಮಿನ ಬಾಗಿಲ ಮೇಲೂ ಒಂದು ತಪ್ಪು ಗಡಿಯಾರ ತೂಗುಹಾಕಿದ್ದರು. ಅಮ್ಮನಿಗೆ ಅದನ್ನು ಕಂಡರಾಗದು. "ತಪ್ಪು ಗಡಿಯಾರ ಮನೇಲಿದ್ರೆ ಏಳಿಗೆ ಇಲ್ಲ ಕಣಣ್ಣ," ಅನ್ನುವಳು. "ಏಳಿಗೆ ಬೇಡ ತಂಗಿ, ಉಸಿರಿದ್ರೆ ಸಾಕು," ಅಂತ ಅವರು ನಗುವರು.

ಆ ವರ್ಷ ಗಣೇಶನ ಹಬ್ಬಕ್ಕೆ ಮನೆ ತೊಳೆಯುವಾಗ ಅಮ್ಮ ಆ ಗಡಿಯಾರ ಇಳಿಸಿ, ಒರೆಸಿ, ಮುಳ್ಳು ಸರಿ ಮಾಡಿ ತೂಗುಹಾಕಿದಳು. ಅಂಕಲ್ ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ಆಯ್ತಲ್ಲ ತಂಗಿ, ಇನ್ನು ಆ ಸೈತಾನನಿಗೆ ಹೊತ್ತು ಯಾರನ್ನೂ ಕೇಳ್ಲಿಕ್ಕಿಲ್ಲ." ಹೇಳಿ ನಕ್ಕರು. ಆದರೆ ಮುಳ್ಳು ತಿರುಗಿಸಲಿಲ್ಲ. ಹಬ್ಬದ ಮನೆಯಲ್ಲಿ ಅಮ್ಮನ ಮನಸ್ಸು ನೋಯಬಾರದು ಅಂತ ಇರಬೇಕು.

ಮಳೆ ಹಿಡಿದದ್ದು ಆಮೇಲೆ. ಮನೆ ಹಿಂದಿನ ಕಾಲುವೆ ಉಕ್ಕಿ, ಬೆಳಗಾಗುವಷ್ಟರಲ್ಲಿ ಗರಾಜಿನೊಳಗೆ ನೀರು ಬಂದಿತ್ತು. ಅಂಕಲ್ ಊರನ್ನು ತುಂಡು ತುಂಡಾಗಿ ಮಹಡಿಗೆ ಸಾಗಿಸತೊಡಗಿದರು. ಕೋಟೆ ಬಂತು, ಮ್ಯೂಸಿಯಂ ಬಂತು. "ಸಾಕು ಬಾ ಅಣ್ಣ, ರಟ್ಟು ತಾನೆ," ಅಂತ ಅಮ್ಮ ಕೂಗಿದಳು. "ಇಗರ್ಜಿ ಒಂದು ಉಂಟು," ಅಂದು ಎದೆಮಟ್ಟದ ನೀರಿಗೆ ಮತ್ತೆ ಇಳಿದರು. ತಂದರು ಕೂಡ. ನಡುಮೆಟ್ಟಿಲಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ಮತ್ತೆ ಏಳಲಿಲ್ಲ. ಅರಿಸಿನ ಕರಗಿ ಅವರ ಕೈಯೆಲ್ಲ ಹಳದಿಯಾಗಿತ್ತು. ದೋಣಿ ಬರುವವರೆಗೂ ಅಮ್ಮ ಅವರ ಪಕ್ಕದಲ್ಲೇ ಕೂತಿದ್ದಳು.

ಈಗ ನಾವಿರುವುದು ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ. ಗೋಡೆಯ ಮೇಲೆ ಎರಡು ಗಡಿಯಾರ ಇವೆ, ಒಂದು ತಪ್ಪು. ತೂಗುಹಾಕಿದ್ದು ಅಮ್ಮನೇ. ನಾನು ಯಾಕೆ ಅಂತ ಕೇಳಿಲ್ಲ. ಹೋದ ತಿಂಗಳೇ ಅವಳ ಎದೆಯ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅರಿಸಿನ ಚೆಲ್ಲಿದ ದಿನ ಮನೆ ಮುಟ್ಟುವ ಹೊತ್ತಿಗೆ ಆಸ್ಪತ್ರೆಯವರು ನನಗೆ ಫೋನ್ ಮಾಡಿ ಟೈಮನ್ನೂ ಹೇಳಿದ್ದರು. ಒಳಗೆ ಹೋಗಿ, "ಅಮ್ಮ, ಬೆಳಿಗ್ಗೆ," ಅಂತ ಬಾಯಿ ತೆಗೆದೆ. ಅವಳು ಕೈ ಎತ್ತಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು.

"ಹೊತ್ತು ಹೇಳ್ಬೇಡ ಕಣೋ. ನಿನಗೆ ಗೊತ್ತಿದ್ರೆ ಸಾಕು."

ನಾನು ಅಡುಗೆಮನೆಗೆ ಹೋದೆ. ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತೆ. ಎಷ್ಟು ಉಜ್ಜಿದರೂ ಬೆರಳ ಸಂದಿಯ ಅರಿಸಿನ ಹೋಗಲಿಲ್ಲ.