ಅಣ್ಣನ ತೆರಿಗೆ, ನನ್ನ ಕಾರ್ಡು

ನನ್ನ ಅಣ್ಣನಿಗೆ ನಾನು ಆರು ಲಕ್ಷ ರೂಪಾಯಿ ಉಡುಗೊರೆ ಕೊಟ್ಟಿದ್ದೇನೆ ಎನ್ನುವುದು ನನಗೆ ಗೊತ್ತಾದದ್ದು ಸಿರುಗುಪ್ಪದ ಅವನ ರೈಸ್ ಮಿಲ್ಲಿನಲ್ಲಿ, ಅವನ ಬಾಯಿಂದಲೇ. ಅಲ್ಲಿಯವರೆಗೆ ನಾನು ಅವನಿಗೆ ಕೊಟ್ಟ ಅತಿ ದೊಡ್ಡ ಉಡುಗೊರೆಯೆಂದರೆ ಒಂದು ಕೈಗಡಿಯಾರ. ಅದಕ್ಕೂ ಅವನು ಬೆಲ್ಟು ಸರಿಯಿಲ್ಲವೆಂದು ಹೆಸರಿಟ್ಟಿದ್ದ.

ಎಲ್ಲ ಶುರುವಾದದ್ದು ನನ್ನ ಜಾಣತನದಿಂದ. ನಾನು ಬಳ್ಳಾರಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಇಪ್ಪತ್ತೆರಡು ವರ್ಷದಿಂದ ಪ್ರತ್ಯಕ್ಷ ತೆರಿಗೆ, ಪರೋಕ್ಷ ತೆರಿಗೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಬಲಗೈ ಬೆರಳುಗಳಿಗೆ ಸುಣ್ಣ ಹತ್ತಿದೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಮನೆಗಳ ಬಾಡಿಗೆಯ ಮೇಲಿನ ಆದಾಯ ತೆರಿಗೆಯನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿ, ಅದರಿಂದ ಬಂದ ರಿವಾರ್ಡ್ ಪಾಯಿಂಟುಗಳಲ್ಲೇ ಹೆಂಡತಿಯನ್ನು ವಿಮಾನದಲ್ಲಿ ದೆಹಲಿಗೆ ಕರೆದುಕೊಂಡು ಹೋಗಿ ಬಂದ ಕಥೆ ಹೇಳಿದರು. ಹೇಗೂ ಕಟ್ಟಲೇಬೇಕಾದ ದುಡ್ಡು, ಅದರ ಮೇಲೆ ವಿಮಾನ! ಕೇಳಿದ ನನಗೆ ಊಟ ರುಚಿಸಲಿಲ್ಲ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿಗೆ ನಾನೂ ಸೇರಿದವಳೆಂದು ಅವತ್ತು ಗೊತ್ತಾಯಿತು.

ತೊಡಕು ಒಂದೇ. ನನ್ನ ತೆರಿಗೆಯನ್ನು ಸರ್ಕಾರ ಸಂಬಳದಲ್ಲೇ ಮುರಿದುಕೊಂಡುಬಿಡುತ್ತದೆ. ಕಾರ್ಡಿನಿಂದ ಕಟ್ಟೋಣವೆಂದರೆ ನನ್ನ ಹತ್ತಿರ ತೆರಿಗೆಯೇ ಇಲ್ಲ. ಇಲ್ಲದಿದ್ದರೆ ಏನಂತೆ, ಬಂಧುಬಳಗ ಇಲ್ಲವೇ? ಮದುವೆಗೆ ಒಡವೆ ಕಡ ತರುತ್ತೇವೆ, ಹಬ್ಬಕ್ಕೆ ಹಂಡೆ ಕಡ ತರುತ್ತೇವೆ, ನಾನು ತೆರಿಗೆ ಕಡ ತಂದೆ. ಸಿರುಗುಪ್ಪದ ಅಣ್ಣನಿಗೂ ಕುರುಗೋಡಿನ ಸೋದರಮಾವನಿಗೂ ಫೋನ್ ಮಾಡಿ, ನಿಮ್ಮ ತೆರಿಗೆಯ ಕಂತುಗಳನ್ನು ನಾನು ಕಟ್ಟುತ್ತೇನೆ, ದುಡ್ಡು ನನಗೆ ಕೊಟ್ಟುಬಿಡಿ ಎಂದೆ. ಕಾರ್ಡಿಗೆಂದು ನೂರಕ್ಕೆ ಒಂದು ರೂಪಾಯಿ ಚಿಲ್ಲರೆ ಹೆಚ್ಚಿಗೆ ಹಿಡಿಯುತ್ತಾರೆ. ಅದನ್ನು ನಾನೇ ಹಾಕಿಕೊಳ್ಳುವ ಮಾತಾಯಿತು. ಹಾಕಿಕೊಂಡರೂ ಲಾಭವೆಂದು ಲೆಕ್ಕ ಮಾಡಿಟ್ಟಿದ್ದೆ.

ಅಣ್ಣ ಒಂದು ಮಾತೂ ಕೇಳಲಿಲ್ಲ. "ಕಟ್ಟು ಲೇ, ನಿನಗೂ ಒಂದು ಖುಷಿ" ಎಂದ. ಮೂರು ತಿಂಗಳಿಗೊಮ್ಮೆ ಮಿಲ್ಲಿನ ಡ್ರೈವರ್ ಬಳ್ಳಾರಿಗೆ ಬಂದಾಗ ನಮ್ಮ ಮನೆಗೊಂದು ಸೋನಾ ಮಸೂರಿ ಚೀಲ ಇಳಿಸಿ ಹೋಗುತ್ತಿದ್ದ. ಚೀಲದ ಬಾಯಿ ಬಿಚ್ಚಿದರೆ ಅಕ್ಕಿಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ನೋಟಿನ ಕಟ್ಟುಗಳು. ಅದಕ್ಕೆ ಮೊದಲೇ ಅಣ್ಣನ ಮೆಸೇಜು ಬಂದಿರುತ್ತಿತ್ತು: 'ಒಂದೂವರೆ ಲಕ್ಷ ಕಳಿಸೀನಿ, ಎಣಿಸಿಕೋ'. ನಾನು ಎಣಿಸಿ, ನನ್ನ ಖಾತೆಗೆ ಕಟ್ಟಿ, ಕಾರ್ಡಿನ ಬಿಲ್ಲು ತೀರಿಸುತ್ತಿದ್ದೆ. ತವರೆಂದರೆ ಹೀಗಿರಬೇಕು ಎಂದು ನನ್ನ ಗಂಡನ ಮುಂದೆ ಎದೆಯುಬ್ಬಿಸುತ್ತಿದ್ದೆ.

ಮಾವನದು ಬೇರೆಯೇ ಕಥೆ. ಕುರುಗೋಡಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಮನುಷ್ಯ ಜಿಪುಣತನದಲ್ಲಿ ಇಡೀ ಬಳಗಕ್ಕೆ ಹಿರಿಯ. ಪ್ರತಿ ಸಲವೂ ಚೆಕ್ಕೇ ಕೊಡುತ್ತಿದ್ದರು, ಅದೂ ನಾನೇ ಬಸ್ಸು ಹತ್ತಿ ಹೋಗಿ ತರಬೇಕು. ಅಷ್ಟು ಸಾಲದೆಂದು ಒಂದು ಪುಸ್ತಕದಲ್ಲಿ ತಾರೀಖು, ಚೆಕ್ಕಿನ ನಂಬರು ಬರೆದು ನನ್ನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಎತ್ತಿ ಆಡಿಸಿದ ಸೋದರ ಸೊಸೆಯ ಮೇಲೆ ಇವರಿಗೆ ಇಷ್ಟೂ ನಂಬಿಕೆ ಇಲ್ಲವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಣ್ಣನಿಗೆ ಫೋನ್ ಮಾಡಿ ಇಬ್ಬರೂ ಸೇರಿ ಮಾವನನ್ನು ಆಡಿಕೊಂಡು ನಗುತ್ತಿದ್ದೆವು.

ಮುಂದಿನ ವರ್ಷ ಆದಾಯ ತೆರಿಗೆ ಇಲಾಖೆಯಿಂದ ನೋಟಿಸು ಬಂತು. ಪರೀಕ್ಷೆಯ ಪೇಪರು ತಿದ್ದುತ್ತಾ ಕೂತವಳು ಫೋನಿನಲ್ಲಿ ಮೇಲ್ ತೆರೆದೆ. ನಿಮ್ಮ ಸಂಬಳ ಇಷ್ಟು, ನಿಮ್ಮ ಉಳಿತಾಯ ಖಾತೆಗೆ ಬಿದ್ದ ನಗದು ಇಷ್ಟು, ನೀವು ಕಟ್ಟಿದ ಕಾರ್ಡಿನ ಬಿಲ್ಲು ಹನ್ನೆರಡು ಲಕ್ಷ ಚಿಲ್ಲರೆ. ಸಂಬಳಕ್ಕಿಂತ ಖರ್ಚು ಹೆಚ್ಚು ಹೇಗಾಯಿತು, ದುಡ್ಡು ಎಲ್ಲಿಂದ ಬಂತು, ಹದಿನೈದು ದಿನದಲ್ಲಿ ತಿಳಿಸಿ. ಕೈಯಲ್ಲಿದ್ದ ಪೇಪರಿಗೆ ಎಷ್ಟು ಅಂಕ ಕೊಟ್ಟೆನೋ ನೆನಪಿಲ್ಲ. ಆ ಮಗು ಪಾಸಾಗಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ.

ಬಳ್ಳಾರಿಯ ಆಡಿಟರೊಬ್ಬ ನನ್ನದೇ ಹಳೆಯ ವಿದ್ಯಾರ್ಥಿ. ಅವನ ಮುಂದೆ ಕುರ್ಚಿಯಲ್ಲಿ ಕೂತು ಎಲ್ಲ ಒಪ್ಪಿಸಿದೆ. ಅವನು ಪೆನ್ನಿನ ಮುಚ್ಚಳ ಹಾಕುತ್ತಾ ತೆಗೆಯುತ್ತಾ ಕೇಳಿಸಿಕೊಂಡ.

"ಮೇಡಂ, ಬ್ಯಾರೇದವರ ತೆರಿಗಿ ಕಟ್ಟಿದ್ದು ತಪ್ಪಲ್ಲ. ಅವರ ದುಡ್ಡು ಅಂತ ತೋರಿಸಬೇಕು, ಅಷ್ಟ. ಇಬ್ಬರ ಕಡಿಂದ ಒಂದೊಂದು ಕಾಗದ ಬರೆಸ್ಕೊಂಡು ಬರ್ರಿ. ಇಷ್ಟು ಕೊಟ್ಟೀನಿ, ನನ್ನ ಲೆಕ್ಕದಾಗ ಐತಿ ಅಂತ."

"ಬರಲಿಲ್ಲಂದ್ರ?"

"ಅದು ನಿಮ್ಮ ಲೆಕ್ಕ ಇಲ್ಲದ ದುಡ್ಡು ಆಗತೈತಿ. ತೆರಿಗಿ, ದಂಡ ಒಂದು ಕಡೀಗೆ ಇರ್ಲಿ. ನೀವು ಸರ್ಕಾರಿ ನೌಕರಿಯವರು. ಸಂಬಳ ಬಿಟ್ಟು ಇಷ್ಟು ದುಡ್ಡು ಎಲ್ಲಿಂದ ಅಂತ ನಿಮ್ಮ ಇಲಾಖೆಯವರು ವಿಚಾರಣಿ ಹಚ್ಚಿದ್ರ ಏನು ಹೇಳ್ತೀರಿ?" ಆಮೇಲೆ ದನಿ ತಗ್ಗಿಸಿ, "ಈ ಪಾಠ ನೀವ ನಮಗ ಮಾಡಿದ್ರಿ, ಮೇಡಂ" ಎಂದ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ವಿಚಾರಣೆ ಎಂಬ ಮಾತು ಕಿವಿಯಲ್ಲೇ ಉಳಿಯಿತು. ಯಾರ ಶಿಫಾರಸೂ ಇಲ್ಲದೆ, ಮೂರು ಸಲ ಪರೀಕ್ಷೆ ಬರೆದು ಪಡೆದ ಕೆಲಸ ಅದು.

ಮೊದಲು ಕುರುಗೋಡಿಗೆ ಹೋದೆ, ಬೈಗುಳ ತಿನ್ನಲು ತಯಾರಾಗಿಯೇ. ಮಾವ ಬೈಯಲಿಲ್ಲ. ಪುಸ್ತಕ ತೆಗೆದರು, ನಾಲ್ಕು ಚೆಕ್ಕಿನ ವಿವರ ನೋಡಿಕೊಂಡು ತಮ್ಮ ಅಂಗಡಿಯ ಲೆಟರ್‌ಹೆಡ್ಡಿನ ಮೇಲೆಯೇ ಕಾಗದ ಬರೆದು ಸಹಿ ಹಾಕಿ ಸೀಲು ಒತ್ತಿದರು. ಹತ್ತು ನಿಮಿಷದ ಕೆಲಸ.

"ಪಾಯಿಂಟಿನ್ಯಾಗ ನನ್ನ ಪಾಲು ಎಷ್ಟವ್ವಾ?" ಎಂದರು.

"ತಮಾಷಿ ಮಾಡಬ್ಯಾಡ್ರಿ ಮಾವ, ನನ್ನ ಜೀವ ಹೋಗಾಕ ಹತ್ತೈತಿ."

"ತಮಾಷಿ ಅಲ್ಲ, ಖರೇನ ಕೇಳಾಕ ಹತ್ತೀನಿ." ಕಾಗದ ಮಡಿಸಿ ಕೈಗಿಡುತ್ತಾ ಕನ್ನಡಕದ ಮೇಲಿನಿಂದ ನೋಡಿದರು. "ನಿಮ್ಮಣ್ಣ ಹೆಂಗ ಕೊಟ್ಟಾನ? ನಗದ?"

ನಾನು ತಲೆಯಾಡಿಸಿದೆ. ಮಾವ ಗಲ್ಲಾಪೆಟ್ಟಿಗೆ ಮುಚ್ಚಿದರು. "ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ. ಲಗೂನ ಹೋಗು" ಎಂದರು.

ಮರುದಿನವೇ ಸಿರುಗುಪ್ಪ. ಮಿಲ್ಲಿನ ಆಫೀಸಿನಲ್ಲಿ ಅಣ್ಣ ಭತ್ತದ ವ್ಯಾಪಾರಿಯೊಬ್ಬನಿಗೆ ತೆಲುಗಿನಲ್ಲಿ ಜೋರು ಮಾಡುತ್ತಿದ್ದವನು ನನ್ನನ್ನು ಕಂಡದ್ದೇ ಅವನನ್ನು ಕಳಿಸಿ, ಚಹಾ ಹೇಳಿ, ಊಟಕ್ಕೆ ಇರಬೇಕೆಂದು ಮನೆಗೆ ಫೋನ್ ಮಾಡಿದ. ಮನೆ ಮಿಲ್ಲಿನ ಹಿಂದೆಯೇ. ನಾನು ನೋಟಿಸಿನ ವಿಷಯ ಹೇಳಿ ಕಾಗದ ಕೇಳಿದೆ. ಅವನು ನಕ್ಕ.

"ಕಾಗದ ಯಾಕ ಬೇಕು? ನನ್ನ ಲೆಕ್ಕದಾಗ ಆಗಲೇ ಬರದೈತಿ. ನೀ ನನಗ ಉಡುಗೊರಿ ಕೊಟ್ಟೀದಿ ಅಂತ."

"ಏನು?"

"ತೆರಿಗಿ ನಿನ್ನ ಕಾರ್ಡಿನಿಂದ ಹೋಗೈತಿ. ತಂಗಿ ಅಣ್ಣಗ ಎಷ್ಟು ಬೇಕಾದ್ರೂ ಉಡುಗೊರಿ ಕೊಡಬೋದಂತ, ಅದಕ್ಕ ತೆರಿಗಿ ಇಲ್ಲಂತ. ನಮ್ಮ ಆಡಿಟರು ಹಂಗ ಬರದಾನ."

"ಅಣ್ಣಾ, ದುಡ್ಡು ನೀ ಕಳಿಸೀದಿ. ಅಕ್ಕಿ ಚೀಲದಾಗ."

"ಆ ದುಡ್ಡು ಹೊರಗ ತೋರ್ಸಾಕ ಬರಂಗಿಲ್ಲ ಲೇ. ತೌಡು, ನುಚ್ಚು ಬಿಲ್ಲಿಲ್ಲದ ಮಾರಿದ್ದು."

ನನಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ತೆರಿಗೆ ಕಟ್ಟದ ದುಡ್ಡಿನಿಂದ ಅವನು ತೆರಿಗೆ ಕಟ್ಟಿದ್ದ. ಆ ದುಡ್ಡನ್ನು ತೊಳೆಯಲು ನನ್ನ ಖಾತೆ, ನನ್ನ ಕಾರ್ಡು, ನನ್ನ ಹೆಸರು. ನನ್ನ ಖುಷಿಗೆಂದು ಅವನು ಒಪ್ಪಿದ್ದಾನೆಂದುಕೊಂಡು ವರ್ಷವಿಡೀ ಬೀಗುತ್ತಿದ್ದೆನಲ್ಲ! ಸಿಟ್ಟು ಬರುವ ಮೊದಲು ನನಗೆ ಬಂದದ್ದು ನಾಚಿಕೆ. ಆ ಕಟ್ಟುಗಳನ್ನು ಎಣಿಸುವಾಗ ಇದು ಎಲ್ಲಿಯ ದುಡ್ಡೆಂದು ನಾನು ಒಂದು ಸಲವೂ ಕೇಳಿರಲಿಲ್ಲ. ಪಾಯಿಂಟು ಎಷ್ಟಾಯಿತೆಂದು ಮಾತ್ರ ನೋಡುತ್ತಿದ್ದೆ.

"ನನ್ನ ಮ್ಯಾಲೆ ವಿಚಾರಣಿ ಆಗತೈತಿ. ನನ್ನ ನೌಕರಿ ಹೋದ್ರ?" ಎಂದೆ.

ಆಗ ಅಣ್ಣ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತ. ನಿಜವಾದ ಪ್ರೀತಿಯಿಂದಲೇ ಹೇಳಿದ: "ಹೋದ್ರ ಹೋಗ್ಲಿ ಬಿಡು. ನಾ ಅದೀನಲ್ಲ? ನಿನ್ನ ಸಂಬಳದಷ್ಟು ನಾ ಕೊಡ್ತೀನಿ. ಮಿಲ್ಲಿನ್ಯಾಗ ಬಂದು ಲೆಕ್ಕಾ ಬರಕೊಂಡು ಕುಂದ್ರು."

ಅವತ್ತಿನ ಎಲ್ಲ ಆಘಾತಗಳಲ್ಲಿ ನನ್ನನ್ನು ನಿಜವಾಗಿ ಕೆಡವಿದ್ದು ಈ ಮಾತು. ಅವನು ಬೆದರಿಸಿದ್ದರೆ ಜಗಳವಾಡುತ್ತಿದ್ದೆ. ನನ್ನ ಇಪ್ಪತ್ತೆರಡು ವರ್ಷಗಳನ್ನು ಅವನು ಅಂಗಿಯ ಮೇಲಿನ ತೌಡಿನ ಧೂಳು ಕೊಡವಿದ ಹಾಗೆ ಕೊಡವಿಬಿಟ್ಟಿದ್ದ. ಅವನ ಕಣ್ಣಲ್ಲಿ ಕೆಟ್ಟತನವೇ ಇರಲಿಲ್ಲ. ನನ್ನ ನೌಕರಿ ಅವನಿಗೆ ಮೊದಲಿನಿಂದಲೂ ತಂಗಿಯ ಒಂದು ಹವ್ಯಾಸವಾಗಿತ್ತೇನೋ, ನನಗೇ ಗೊತ್ತಾಗಿರಲಿಲ್ಲ.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಊಟಕ್ಕೆ ಕರೆಯಲು ಬಂದವಳು ಎಲ್ಲ ಕೇಳಿಸಿಕೊಂಡಿದ್ದಳು. ನನಗಿಂತ ಒಂದೇ ವರ್ಷ ದೊಡ್ಡವಳು, ನಾವಿಬ್ಬರೂ ಏಕವಚನದವರು. ಆದರೆ ಅವತ್ತು ಊಟ ಬಡಿಸುವಾಗಲೂ, ಹೊರಡುವಾಗ ಕುಂಕುಮ ಹಚ್ಚಿ ಕುಪ್ಪಸದ ಖಣ ಕೊಡುವಾಗಲೂ ಒಂದು ಮಾತಾಡಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವರು, "ಅಣ್ಣ ಬೇಕೋ, ನೌಕರಿ ಬೇಕೋ, ನೀನ ನೋಡು. ನಾ ಏನಂದ್ರೂ ನಾಳೆ ನನ್ನ ಮ್ಯಾಲೆ ಬರತೈತಿ" ಎಂದರು. ಬುದ್ಧಿವಂತರು. ನಾನು ಮೂರು ದಿನ ತಡೆದೆ. ನಾಲ್ಕನೆಯ ದಿನ ಅಣ್ಣನಿಗೆ ಫೋನ್ ಮಾಡಿ, ನಿನ್ನ ಮೆಸೇಜುಗಳನ್ನು ಕಳಿಸುತ್ತಿದ್ದೇನೆ, ನಿನಗೆ ತಿಳಿಸದೆ ಕಳಿಸಬಾರದೆಂದು ಹೇಳುತ್ತಿದ್ದೇನೆ ಎಂದೆ. ಅವನು ಫೋನ್ ಇಟ್ಟ. ಆಡಿಟರ ಆಫೀಸಿನಲ್ಲಿ ನಾಲ್ಕು ಮೆಸೇಜು, ನಾನು ನಗದು ಕಟ್ಟಿದ ಚೀಟಿಗಳು, ಅಣ್ಣನ ಹೆಸರಿನ ತೆರಿಗೆ ಚಲನ್‌ಗಳು, ಮಾವನ ಕಾಗದ, ಎಲ್ಲವನ್ನೂ ಸೇರಿಸಿ ಉತ್ತರ ಕಳಿಸಿದೆವು. ಕಳಿಸುವಾಗ ನಾನು ಅತ್ತುಬಿಟ್ಟೆ. ನನ್ನ ವಿದ್ಯಾರ್ಥಿ ಕಿಟಕಿಯ ಕಡೆ ನೋಡುತ್ತಾ ಕೂತ.

ಕೆಲವು ತಿಂಗಳಿಗೆ ನನ್ನ ಉತ್ತರ ಒಪ್ಪಿಗೆಯಾಯಿತು. ಅಣ್ಣನಿಗೆ ನೋಟಿಸು ಹೋಯಿತೆಂದು ಮಾವನಿಂದ ತಿಳಿಯಿತು. ತಂಗಿಯನ್ನು ತವರಿಗೆ ಕರೆಯುವ ನಾಗರಪಂಚಮಿ ಬಂದು ಹೋಯಿತು. ಸಿರುಗುಪ್ಪದಿಂದ ಕಾರೂ ಬರಲಿಲ್ಲ, ಉಂಡಿಯ ಡಬ್ಬಿಯೂ ಬರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಪಂಚಮಿಗೆ ಅಂಗಡಿಯಲ್ಲಿ ಶೇಂಗಾ ಉಂಡಿ ಕೊಂಡುತಂದೆ. ತಿನ್ನಲು ಮನಸ್ಸಾಗದೆ ಕಾಲೇಜಿನಲ್ಲಿ ಹಂಚಿದೆ. ಸರಿಯಾದದ್ದನ್ನೇ ಮಾಡಿದ್ದೇನೆಂದು ಗೊತ್ತಿತ್ತು. ಆದರೂ ತವರು ಮುಗಿಯಿತು ಎಂದುಕೊಂಡೆ.

ಹೋದ ತಿಂಗಳು ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅತ್ತಿಗೆಯ ಫೋನ್ ಬಂತು. ಬೈಯಲಿಕ್ಕೇ ಎಂದುಕೊಂಡು ಎತ್ತಿದೆ.

"ತಂಗೀ, ನನ್ನ ಪ್ಯಾನ್ ಕಾರ್ಡು ಕೈಯಾಗ ಹಿಡಕೊಂಡೀನಿ. ನಂಬರು ಬರಕೋ."

"ಯಾಕ?"

"ನಿಮ್ಮಣ್ಣ ವರ್ಷಾ ವರ್ಷಾ ತೆರಿಗಿ ಕಾಗದಕ್ಕ ನನ್ನ ಕಡಿಂದ ಸಹಿ ಮಾಡಿಸ್ಕೊತಾರ. ಏನಂತ ಕೇಳಿದ್ರ ನಿನಗ ತಿಳಿಯಂಗಿಲ್ಲ ಅಂತಾರ. ನಿನ್ನ ಹೆಸರಿನ್ಯಾಗ ಹಂಗ ಬರದವರು ನನ್ನ ಹೆಸರಿನ್ಯಾಗ ಏನು ಬರದಾರ, ಒಂದಿಷ್ಟು ನೋಡು."

"ಅದಕ್ಕ ಒಟಿಪಿ ಬೇಕು. ಅಣ್ಣನ ಫೋನಿಗೆ ಹೋಗತೈತಿ."

"ಅವರು ಸ್ನಾನಕ್ಕ ಹೋಗ್ಯಾರ. ಫೋನು ನನ್ನ ಹತ್ರ ಐತಿ. ಲಗೂ ಮಾಡು."

ನಿಂತಲ್ಲೇ ಬ್ಯಾಗು ಕೆಳಗಿಟ್ಟು ಲ್ಯಾಪ್‌ಟಾಪ್ ತೆರೆದೆ. ಆದಾಯ ತೆರಿಗೆಯ ವೆಬ್‌ಸೈಟಿಗೆ ಹೋದೆ. ಅವಳು ಇಂಗ್ಲಿಷಿನ ಒಂದೊಂದೇ ಅಕ್ಷರ ತಡವರಿಸಿ ಓದಿದಳು. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದೆ. ಆರು ಅಂಕಿ ಬಂದವು, ಹೇಳಿದಳು. ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ಹಿಂದಿನ ವರ್ಷದ ರಿಟರ್ನ್ ತೆಗೆದೆ. ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಅದರ ಹಿಂದಿನ ವರ್ಷದ್ದು, ಅದರ ಹಿಂದಿನದು, ಹೀಗೆ ಏಳು ವರ್ಷದ್ದನ್ನೂ ತೆಗೆದೆ. ಎಲ್ಲದರಲ್ಲೂ ಅದೇ.

"ಏನೈತಿ? ಹೇಳು" ಎಂದಳು ಅತ್ತಿಗೆ.

"ನೀ ಹೊಲಿಗಿ ಕೆಲಸ ಮಾಡ್ತೀಯಂತ. ವರ್ಷಕ್ಕ ಏಳು ಲಕ್ಷ ದುಡೀತೀಯಂತ. ಏಳು ವರ್ಷದಿಂದ."

ಫೋನಿನಲ್ಲಿ ಅವಳ ಹಿಂದೆ ಬಚ್ಚಲುಮನೆಯಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು.

"ತಂಗೀ," ಎಂದಳು, "ನಮ್ಮ ಮನ್ಯಾಗ ಹೊಲಿಗಿ ಮಷಿನ್ನೇ ಇಲ್ಲ."